ಒರೆಸದೆ ಬಿಟ್ಟ ಅಂಗೈ

ನಾನು ನಿಮ್ಮಷ್ಟೇ ಎತ್ತರವಿದ್ದ ಕಾಲದ ಮಾತಿದು. ಹತ್ತು ವರ್ಷದ ಹುಡುಗ, ಧಾರಾವಿಯ ಚಾಳಿನಲ್ಲಿ ಮನೆ. ಹೇಳಬಾರದು ಅಂತಲೇ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಆದರೆ ಹೋದ ತಿಂಗಳು ನೀವಿಬ್ಬರೂ ಒಂದು ಪ್ರಶ್ನೆ ಕೇಳಿದಿರಿ. ದೊಡ್ಡಜ್ಜಿ ನಮ್ಮ ಜೊತೆ ಮಾತಾಡುವಾಗ ಎರಡೂ ಕೈ ಬಿಡಿಸಿ ಕೊಡುತ್ತಾಳೆ, ನಿನ್ನ ಜೊತೆ ಮಾತಾಡುವಾಗ ಮಾತ್ರ ಎಡಗೈಯಿಂದ ನಿನ್ನ ಮಣಿಕಟ್ಟು ಯಾಕೆ ಹಿಡಿದುಕೊಳ್ಳುತ್ತಾಳೆ ಅಜ್ಜ, ಅಂತ. ವಯಸ್ಸಾಯಿತು, ಅವಳ ಕೈ ನಡುಗುತ್ತದೆ ಅಂತ ಹೇಳಿ ಹಾರಿಸಿಬಿಟ್ಟೆ. ಅದು ಸುಳ್ಳು. ನಿಜ ಇವತ್ತು ಹೇಳುತ್ತೇನೆ. ನಡುವೆ ಮೊಬೈಲ್ ನೋಡಬೇಡಿ, ನನಗೆ ಸಿಟ್ಟು ಬರುತ್ತದೆ.

ನಮ್ಮ ಚಾಳಿನ ಕೆಳಗೆ ಚರ್ಮದ ಚೀಲ ಹೊಲಿಯುವ ಕಾರ್ಖಾನೆ, ಅದರ ಮೇಲೆ ಒಂದೇ ಖೋಲಿಯ ನಮ್ಮ ಮನೆ. ಅಪ್ಪ ವಿಜಾಪುರದ ಕಡೆಯಿಂದ ಬಂದು ಆ ಕಾರ್ಖಾನೆಯಲ್ಲೇ ಹೊಲಿಗೆಗೆ ನಿಂತಿದ್ದ. ಹಸಿ ಚರ್ಮದ ವಾಸನೆ, ಅಂಟಿನ ವಾಸನೆ, ಮಧ್ಯಾಹ್ನವಾದರೆ ಅವ್ವ ಸುಡುವ ರೊಟ್ಟಿಯ ವಾಸನೆ, ಎಲ್ಲ ಒಂದರೊಳಗೊಂದು ಸೇರಿ ನಮ್ಮ ಅಂಗಿಯಲ್ಲೇ ಕೂತಿರುತ್ತಿತ್ತು. ಶಾಲೆಯಲ್ಲಿ ಹುಡುಗರು ಮೂಗು ಮುಚ್ಚಿಕೊಂಡು ಆಡಿಕೊಂಡರೆ ನಾನೂ ನಾಲ್ಕು ಮಾತು ತಿರುಗಿಸಿ ಕೊಡುತ್ತಿದ್ದೆ. ಬಾಯಿ ನನಗೆ ಆಗಲೇ ಜೋರಿತ್ತು.

ಅಕ್ಕ, ಅಂದರೆ ನಿಮ್ಮ ದೊಡ್ಡಜ್ಜಿ, ನನಗಿಂತ ಮೂರು ವರ್ಷ ದೊಡ್ಡವಳು. ಎರಡು ವರ್ಷದ ಕೂಸಿದ್ದಾಗ ಜ್ವರ ಬಂತಂತೆ. ಜ್ವರ ಇಳಿಯಿತು, ಹೋಗುವಾಗ ಅವಳ ಕಣ್ಣು ಕಿವಿ ಎರಡನ್ನೂ ಒಯ್ದಿತು. ನಾನು ಹುಟ್ಟಿದಾಗಿನಿಂದ ಅವಳನ್ನು ಹಾಗೇ ನೋಡಿದವನು, ಹಾಗಾಗಿ ಅವಳಿಗೆ ಏನೋ ಕಡಿಮೆ ಅಂತ ನನಗೆ ಅನ್ನಿಸುತ್ತಲೇ ಇರಲಿಲ್ಲ. ಕೆಳಗೆ ಅಪ್ಪನ ಮಷೀನು ನಿಂತರೆ ನೆಲಕ್ಕೆ ಅಂಗಾಲು ಊರಿ ಕೂತ ಅಕ್ಕನಿಗೆ ಮೊದಲು ಗೊತ್ತಾಗುತ್ತಿತ್ತು. ಅಪ್ಪ ಮೆಟ್ಟಿಲು ಹತ್ತುವುದರೊಳಗೆ ತಾಟು ಹಾಕಿ ಕೂತಿರುತ್ತಿದ್ದಳು. ಬೆಳಿಗ್ಗೆ ನಳದ ಪೈಪಿನ ಮೇಲೆ ಕೈಯಿಟ್ಟು ನಿಲ್ಲುವುದು ಅವಳದೇ ಕೆಲಸ. ಒಳಗೆ ನೀರು ಹೊರಟ ನಡುಕ ಕೈಗೆ ತಾಗಿದ್ದೇ ತಡ, ಕೊಡಕ್ಕೆ ಬಡಿಯುತ್ತಿದ್ದಳು. ಆ ಸದ್ದಿಗೆ ಇಡೀ ಚಾಳು ಕೊಡ ಹಿಡಿದು ಓಡಿ ಬರುತ್ತಿತ್ತು. ಚೀಲಕ್ಕೆ ಹಾಕುವ ಬಕಲ್ಲುಗಳನ್ನು ಸೈಜಿನ ಪ್ರಕಾರ ಬೇರೆ ಮಾಡುವುದರಲ್ಲಂತೂ ಕಾರ್ಖಾನೆಯ ಕಣ್ಣಿದ್ದವರು ಅವಳ ಸಮಕ್ಕೆ ಬರುತ್ತಿರಲಿಲ್ಲ.

ಅವಳ ಜೊತೆ ಮಾತೆಲ್ಲ ಮುಟ್ಟಿ ಮುಟ್ಟಿ, ಹೆಚ್ಚಿನದು ಅಂಗೈಯಲ್ಲಿ. ಯಾರೂ ಕಲಿಸಿದ್ದಲ್ಲ, ನಾವು ನಾವೇ ಮಾಡಿಕೊಂಡದ್ದು. ಬೆರಳ ತುದಿ ಕೂಡಿಸಿ ಅಂಗೈಗೆ ಕುಕ್ಕಿದರೆ ಊಟ. ಮಣಿಕಟ್ಟಿನಿಂದ ಬೆರಳಿನತನಕ ಗೆರೆ ಎಳೆದರೆ ನೀರು. ಮುಷ್ಟಿ ಉರುಳಿಸಿದರೆ ರೈಲು. ಮೇಲ್ತುಟಿಯ ಮೇಲೆ ಎರಡು ಬೆರಳು ಎಳೆದರೆ ಮೀಸೆ, ಅಂದರೆ ಅಪ್ಪ. ಮಣಿಕಟ್ಟು ಸುತ್ತಿದರೆ ಬಳೆ, ಅಂದರೆ ಅವ್ವ. ನನ್ನ ಹೆಸರು ಕಿವಿಯ ತುದಿ ಚಿವುಟುವುದು. ನಗಬೇಡಿ, ಆಗ ನನ್ನ ಕಿವಿ ಮುಖಕ್ಕಿಂತ ದೊಡ್ಡದಿತ್ತು. ಆ ಹೆಸರು ಇಟ್ಟವಳೂ ಅಕ್ಕನೇ.

ಇವೆಲ್ಲಕ್ಕಿಂತ ದೊಡ್ಡದೊಂದು ಕಟ್ಟಳೆ ನಮ್ಮ ಮನೆಯಲ್ಲಿತ್ತು. ಅಕ್ಕನ ಹತ್ತಿರದಿಂದ ಎದ್ದು ಹೋಗುವಾಗ ಸ್ಲೇಟು ಒರೆಸಿದ ಹಾಗೆ ಅವಳ ಬಲ ಅಂಗೈಯನ್ನು ಒಮ್ಮೆ ಪೂರ್ತಿ ಒರೆಸಬೇಕು. ಮಾತು ಮುಗಿಯಿತು, ನಾನು ಹೋಗುತ್ತಿದ್ದೇನೆ ಅಂತ ಅದರ ಅರ್ಥ. ಒರೆಸಿಲ್ಲ ಅಂದರೆ, ಕೈ ಬಿಟ್ಟಿದ್ದರೂ ನಾನು ಇಲ್ಲೇ ಇದ್ದೇನೆ, ಕೈಚಾಚಿದರೆ ಸಿಗುತ್ತೇನೆ ಅಂತ. ನಾವು ಎದ್ದು ಹೋದದ್ದು ಅವಳಿಗೆ ಕಾಣುವುದಿಲ್ಲ, ಹೆಜ್ಜೆ ಕೇಳುವುದಿಲ್ಲ. ಒರೆಸದೆ ಹೋದರೆ ಅವಳು ಖಾಲಿ ಜಾಗದ ಜೊತೆ ಕೂತಿರುತ್ತಾಳೆ. ಜಗಳವಾಡಿ ಮುಖ ತಿರುಗಿಸಿಕೊಂಡು ಹೊರಟಾಗಲೂ ಅಪ್ಪ ನನ್ನನ್ನು ವಾಪಸ್ ಕರೆದು ಒರೆಸಿಸಿ ಕಳಿಸುತ್ತಿದ್ದ.

ಆ ಸಾರಿ ಬಾಂದ್ರಾದ ಒಬ್ಬ ಟೀಚರ್ ಬಾಯಿ ಅಕ್ಕನನ್ನು ನೋಡಲು ಒಪ್ಪಿದ್ದರು. ಕುರುಡು ಮಕ್ಕಳಿಗೆ ಚುಕ್ಕಿಯ ಅಕ್ಷರ ಕಲಿಸುವವರು. ಕಿವಿಯೂ ಇಲ್ಲದ ಮಗುವಿಗೆ ಕಲಿಸುವುದನ್ನು ಹೊಸದಾಗಿ ಶುರುಮಾಡಿದ್ದರು, ಒಂದೇ ಒಂದು ಜಾಗ ಉಳಿದಿತ್ತು. ಶನಿವಾರ ಹನ್ನೊಂದಕ್ಕೆ ಕರೆತನ್ನಿ, ಬೆರಳಿನಿಂದ ಚುಕ್ಕಿ ಗುರುತಿಸುತ್ತಾಳಾ ನೋಡುತ್ತೇನೆ ಅಂದಿದ್ದರು. ಅಪ್ಪನಿಗೆ ಆ ವಾರವೆಲ್ಲ ಅದೇ ಧ್ಯಾನ. ರಾತ್ರಿ ಊಟಕ್ಕೆ ಕೂತಾಗ ಜೋಳದ ಕಾಳು ಸಾಲಾಗಿ ಇಟ್ಟು ಅಕ್ಕನ ಬೆರಳನ್ನು ಅದರ ಮೇಲೆ ಓಡಿಸುತ್ತಿದ್ದ. ಅಕ್ಕ ಒಂದು ಸಲವೂ ತಪ್ಪುತ್ತಿರಲಿಲ್ಲ. ಕೊನೆಗೆ ಕಾಳನ್ನು ಬಾಯಿಗೆ ಹಾಕಿಕೊಂಡು ನಗುತ್ತಿದ್ದಳು.

ಶನಿವಾರ ಬಂತು. ಅವ್ವನಿಗೆ ಹಿಂದಿನ ದಿನದಿಂದ ಮೈ ಸುಡುವ ಜ್ವರ. ಅಪ್ಪನಿಗೆ ಕಾರ್ಖಾನೆಯಲ್ಲಿ ಅರ್ಜೆಂಟ್ ಕೆಲಸ, ಮಾಲು ಮಧ್ಯಾಹ್ನವೇ ಹೋಗಬೇಕು, ಸೇಠ್ ಬಿಡಲಿಲ್ಲ. ಅಪ್ಪ ಅಂಟು ಮೆತ್ತಿದ ಕೈಯಲ್ಲೇ ನನ್ನ ಹೆಗಲು ಹಿಡಿದು, "ಒಂದ ಸ್ಟೇಷನ್ ಐತಿ. ಮಾಹಿಮದಾಗ ಹತ್ತು, ಬಾಂದ್ರಾದಾಗ ಇಳಿ. ನೀ ಶಾಣ್ಯಾ ಅದಿ. ಅಕಿನ ಒಬ್ಬಾಕಿನ ಮಾತ್ರ ಬಿಡಬ್ಯಾಡ" ಅಂದ. ನಾನು ಎದೆ ಉಬ್ಬಿಸಿಕೊಂಡೆ. ಅಪ್ಪ ಅಕ್ಕನಿಗೆ ರೈಲು, ನನ್ನ ಕಿವಿ, ಚುಕ್ಕಿ ಎಲ್ಲ ಹೇಳಿ, ಕೊನೆಗೆ ಅಂಗೈ ಒರೆಸಿ ಕಳಿಸಿದ. ಅಕ್ಕ ನೀಲಿ ಫ್ರಾಕು ಹಾಕಿಕೊಂಡಿದ್ದಳು. ಎರಡು ಜಡೆಗೂ ಅವ್ವ ಜ್ವರದಲ್ಲೇ ಎದ್ದು ರಿಬ್ಬನ್ ಕಟ್ಟಿದ್ದಳು.

ಮಾಹಿಮ್ ಸ್ಟೇಷನ್ನಿಗೆ ಬೇಗನೆ ಬಂದೆವು. ಅಕ್ಕನಿಗೆ ಅಲ್ಲಿಯ ಕಬ್ಬಿಣದ ಕಂಬಗಳೆಂದರೆ ಪ್ರಾಣ. ಕಂಬಕ್ಕೆ ಕೈ ಹಚ್ಚಿದರೆ ದೂರದ ಗಾಡಿಯೂ ಅವಳಿಗೆ ತಿಳಿಯುತ್ತಿತ್ತು. ಬರುವ ಗಾಡಿ, ನಿಲ್ಲದೆ ಹೋಗುವ ಗಾಡಿ, ಒಂದೊಂದಕ್ಕೂ ನನ್ನ ಅಂಗೈಯಲ್ಲಿ ಮುಷ್ಟಿ ಉರುಳಿಸುತ್ತಿದ್ದಳು. ಬಿಸಿಲು ಆಗಲೇ ಏರಿತ್ತು. ಉಪ್ಪು ಗಾಳಿ, ಬೀಡಿಯ ಹೊಗೆ, ಯಾರದೋ ಮೀನಿನ ಬುಟ್ಟಿ. ಅಷ್ಟರಲ್ಲಿ ಪ್ಲಾಟ್‌ಫಾರ್ಮಿನ ಆ ಕೊನೆಯ ಚಹಾ ಸ್ಟಾಲಿನಿಂದ ಹೋ ಎಂಬ ಕೂಗು ಬಂತು. ಟ್ರಾನ್ಸಿಸ್ಟರಿನ ಸುತ್ತ ಜನ ಮುತ್ತಿದ್ದರು. ಕ್ರಿಕೆಟ್ ಕಾಮೆಂಟ್ರಿ. ನನ್ನ ಕಾಲು ಆಗಲೇ ಆ ಕಡೆ ತಿರುಗಿತ್ತು.

ಅಕ್ಕನನ್ನು ಕರೆದುಕೊಂಡು ಆ ಗದ್ದಲಕ್ಕೆ ನುಗ್ಗಲಾಗುವುದಿಲ್ಲ. ಅಂಗೈ ಒರೆಸಿ ಹೋಗೋಣವೆಂದರೆ ಅವಳು ಬಿಡುವುದಿಲ್ಲ, ಹೊರಗೆ ಎಲ್ಲೇ ಒರೆಸಿದರೂ ಹೆದರಿ ಅಂಗಿ ಹಿಡಿದುಕೊಳ್ಳುತ್ತಾಳೆ. ಆಗ ನನ್ನ ಶಾಣ್ಯಾತನ ಕೆಲಸ ಮಾಡಿತು. ಒರೆಸದೆ ಹೋದರಾಯಿತಲ್ಲ! ನಾನು ಪಕ್ಕದಲ್ಲೇ ಇದ್ದೇನೆ ಅಂದುಕೊಂಡು ಕಂಬ ಹಿಡಿದು ಗಾಡಿ ಎಣಿಸುತ್ತಾ ನಿಂತಿರುತ್ತಾಳೆ. ಎರಡು ನಿಮಿಷದ ಮಾತು, ಅವಳಿಗೆ ಗೊತ್ತೂ ಆಗುವುದಿಲ್ಲ. ಹೀಗೆ ಅಂದುಕೊಂಡು ಅವಳ ಬಲಗೈಯನ್ನು ಮೆಲ್ಲಗೆ, ತುಂಬ ಮೆಲ್ಲಗೆ ಬಿಟ್ಟೆ. ನಮ್ಮ ಮನೆಯಲ್ಲಿ ಹುಟ್ಟಿದವನಿಗೆ ಮಾತ್ರ ಮಾಡಲು ಬರುವ ಮೋಸ ಅದು.

ಎರಡು ಬಾಲ್ ಅಂದುಕೊಂಡದ್ದು ಒಂದು ಓವರ್ ಆಯಿತು. ಒಂದು ಓವರು ಮೂರಾಯಿತು. ನಡುವೆ ಒಂದು ಲೋಕಲ್ ಬಂದು ಹೋದದ್ದು ಕಿವಿಗೆ ಬಿತ್ತು, ಮುಂದಿನದಕ್ಕೆ ಹೋಗೋಣ ಅಂದುಕೊಂಡೆ. ವಿಕೆಟ್ ಬಿದ್ದು ಜನ ಚದುರಿದ ಮೇಲೆ ಕಂಬದ ಹತ್ತಿರ ಬಂದೆ. ಅಕ್ಕ ಇರಲಿಲ್ಲ.

ಕಂಬದ ಆ ಕಡೆ ನೋಡಿದೆ, ಈ ಕಡೆ ನೋಡಿದೆ. ಬೇರೆ ಕಂಬವೇನೋ ಅಂತ ಎಲ್ಲ ಕಂಬ ಸುತ್ತಿದೆ. ಅಕ್ಕಾ ಅಂತ ಕೂಗಲು ಬಾಯಿ ತೆರೆದವನಿಗೆ ಕೂಗಿ ಏನು ಫಲ ಅಂತ ನೆನಪಾಯಿತು. ಹಳಿಯ ಕಡೆ ನೋಡಲು ಧೈರ್ಯವೇ ಬರಲಿಲ್ಲ, ಆದರೂ ನೋಡಿದೆ. ಅಲ್ಲಿಯೂ ಇರಲಿಲ್ಲ. ಗೋಡೆಗೆ ಒರಗಿ ಕೂತಿದ್ದ ಒಬ್ಬ ಹಮಾಲನನ್ನು ಕೇಳಿದೆ. ಅವನು ಖುಷಿಯಿಂದಲೇ, "ಅಂಧೀ ಲಡಕೀ? ಅರೇ, ಮೈನೇ ಹೀ ಬಿಠಾ ದಿಯಾ ಗಾಡೀ ಮೇಂ" ಅಂದ. ಕಣ್ಣಿಲ್ಲದ ಹುಡುಗಿ ಒಬ್ಬಳೇ ನಿಂತಿದ್ದಾಳೆ, ಗಾಡಿ ಹತ್ತಲು ಆಗುತ್ತಿಲ್ಲ ಅಂತ ಕೈ ಹಿಡಿದು ಲೇಡೀಸ್ ಡಬ್ಬಿಯಲ್ಲಿ ಕೂರಿಸಿ ಬಂದಿದ್ದ. ಅಂಧೇರಿ ಗಾಡಿ. ಪಾಪ, ಒಳ್ಳೆಯ ಮನುಷ್ಯ.

ಮುಂದಿನ ಗಾಡಿಯ ಬಾಗಿಲಿಗೆ ಜೋತುಬಿದ್ದೆ. ಬಾಂದ್ರಾದಲ್ಲಿ ಇಳಿದು ಪ್ಲಾಟ್‌ಫಾರ್ಮಿನ ಉದ್ದಕ್ಕೂ ಓಡಿದೆ. ಇಲ್ಲ. ಖಾರ್, ಸಾಂತಾಕ್ರೂಜ್, ವಿಲೇಪಾರ್ಲೆ, ಒಂದೊಂದರಲ್ಲೂ ಇಳಿದು, ಓಡಿ, ಮತ್ತೆ ಮುಂದಿನ ಗಾಡಿ ಹತ್ತಿದೆ. ನೀಲಿ ಫ್ರಾಕು ಕಂಡಲ್ಲೆಲ್ಲ ಓಡುತ್ತಿದ್ದೆ, ಹತ್ತಿರ ಹೋದರೆ ಬೇರೆ ಯಾರೋ. ಅಕ್ಕ ತನ್ನ ಹೆಸರು ಹೇಳಲಾರಳು, ಮನೆ ಎಲ್ಲಿ ಅಂತ ಹೇಳಲಾರಳು, ಯಾರಾದರೂ ಕೇಳಿದರೆ ಕೇಳಿದ್ದೂ ತಿಳಿಯದು. ಈ ಊರಿನಲ್ಲಿ ಅವಳು ಒಮ್ಮೆ ತಪ್ಪಿದರೆ ತಪ್ಪಿದಂತೆಯೇ. ಅಪ್ಪನ ಮುಂದೆ ಒಬ್ಬನೇ ಮೆಟ್ಟಿಲು ಹತ್ತಿ ನಿಂತಂತೆ ಕಣ್ಣಿಗೆ ಕಟ್ಟುತ್ತಿತ್ತು. ಬಾಗಿಲಲ್ಲಿ ನೇತಾಡುತ್ತಲೇ ಅತ್ತುಬಿಟ್ಟೆ, ನಾಚಿಕೆ ಗೀಚಿಕೆ ಏನೂ ಉಳಿದಿರಲಿಲ್ಲ.

ಅಂಧೇರಿಯಲ್ಲಿ ಆ ಗಾಡಿಯ ಓಟ ಮುಗಿಯುತ್ತಿತ್ತು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಮೀನು ಮಾರುವ ಮರಾಠಿ ಹೆಂಗಸೊಬ್ಬಳು ಖಾಲಿ ಬುಟ್ಟಿ ಕಾಲಬಳಿ ಇಟ್ಟುಕೊಂಡು ಕೂತಿದ್ದಳು. ಅವಳ ಪಕ್ಕದಲ್ಲಿ ಅಕ್ಕ. ಒಂದು ಜಡೆಯ ರಿಬ್ಬನ್ ಇರಲಿಲ್ಲ. ಎಲ್ಲರೂ ಇಳಿದು ಹೋದರೂ ಹುಡುಗಿ ಇಳಿಯದ್ದನ್ನು ಕಂಡು ಅವಳೇ ಇಳಿಸಿಕೊಂಡು, ಮಾತಿಗೆ ಉತ್ತರ ಬರದಿದ್ದಾಗ ಏನು ಮಾಡುವುದೆಂದು ತಿಳಿಯದೆ, ಸುಮ್ಮನೆ ಕೈ ಹಿಡಿದುಕೊಂಡು ಕೂತಿದ್ದಳಂತೆ. ಅಕ್ಕ ಅಷ್ಟು ಹೊತ್ತೂ ಅವಳ ಕಿವಿ ಚಿವುಟುತ್ತಲೇ ಇದ್ದಳು. ಚಿವುಟುವುದು, ತನ್ನ ಅಂಗೈ ಚಾಚಿ ಉತ್ತರಕ್ಕೆ ಕಾಯುವುದು, ಮತ್ತೆ ಚಿವುಟುವುದು. ನಾನು ಓಡಿ ಬಂದದ್ದನ್ನು ನೋಡಿ ಆ ಹೆಂಗಸು ಕೆಂಪಗಾಗಿದ್ದ ತನ್ನ ಕಿವಿ ಮುಟ್ಟಿಕೊಂಡು, "ಹಿಚ್ಯಾ ಭಾಷೇತ ತುಝಂ ನಾವ ಕಾನ ಆಹೇ ಕಾಯ ರೇ?" ಅಂದಳು. ಇವಳ ಭಾಷೆಯಲ್ಲಿ ನಿನ್ನ ಹೆಸರು ಕಿವಿಯೇನೋ ಅಂತ.

ಅಕ್ಕನ ಕೈ ಹಿಡಿದೆ. ಅವಳು ನನ್ನ ಮುಖ ತಡವಿದಳು, ಕಿವಿ ಸಿಕ್ಕಿತು, ಅಲ್ಲಿಗೆ ಅವಳ ಬೆರಳು ನಿಂತಿತು. ಎಲ್ಲಿ ಹೋಗಿದ್ದೆ ಅಂತ ಕೇಳುತ್ತಾಳೆ, ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ಎಷ್ಟು ಚೆನ್ನಾಗಿತ್ತು. ಅವಳು ನನ್ನ ಅಂಗೈಯನ್ನು ತನ್ನ ಮೊಣಕಾಲ ಮೇಲೆ ಬಿಡಿಸಿಟ್ಟು, ಮಣಿಕಟ್ಟಿನಿಂದ ಬೆರಳ ತುದಿಯತನಕ ಒಮ್ಮೆ ಒರೆಸಿದಳು. ಆಮೇಲೆ ತನ್ನ ಬಲಗೈ ಮುಷ್ಟಿ ಕಟ್ಟಿ ಮಡಿಲೊಳಗೆ ಇಟ್ಟುಕೊಂಡಳು. ಎಡಗೈಯಿಂದ ನನ್ನ ಮಣಿಕಟ್ಟನ್ನು ಹಿಡಿದಳು. ಬರುವಾಗ ಅವಳ ಕೈ ನಾನು ಹಿಡಿದಿದ್ದೆ, ಹೋಗುವಾಗ ನನ್ನ ಕೈ ಅವಳು ಹಿಡಿದಳು. ಆ ಹಿಡಿತ ನೋಯುವಷ್ಟು ಬಿಗಿಯಿತ್ತು.

ಬಾಂದ್ರಾ ತಲುಪಿದಾಗ ಹನ್ನೆರಡೂವರೆ. ಟೀಚರ್ ಬಾಯಿ ಇನ್ನೂ ಕಾಯುತ್ತಿದ್ದರು. ನಾವು ಹೋದದ್ದೇ ಕಾಗದದ ಮೇಲೆ ಎಬ್ಬಿಸಿದ ಚುಕ್ಕಿಗಳನ್ನು ಮುಂದಿಟ್ಟು, ಅಕ್ಕನ ಬಲಗೈಯನ್ನು ಮೆಲ್ಲಗೆ ಹಿಡಿದರು. ಅಕ್ಕ ಮುಷ್ಟಿ ಬಿಚ್ಚಲಿಲ್ಲ. ಅವರು ನವಿರಾಗಿ ಸವರಿದರು, ಒಂದು ಬೆಲ್ಲದ ಚೂರು ಕೊಟ್ಟು ನೋಡಿದರು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಿಡಿದರು. ಮುಷ್ಟಿ ಇನ್ನೂ ಬಿಗಿಯಾಯಿತು. ಜೋಳದ ಕಾಳಿನ ಸಾಲನ್ನು ಕಣ್ಣುಮುಚ್ಚಿ ತೆರೆಯುವುದರೊಳಗೆ ಓದುತ್ತಿದ್ದ ಕೈ ಅದು. ಟೀಚರ್ ಬಾಯಿ ನನ್ನ ಕಡೆ ತಿರುಗಿ, ಮನೆಯಲ್ಲೂ ಹೀಗೇನಾ, ಯಾರನ್ನೂ ಮುಟ್ಟಗೊಡುವುದಿಲ್ಲವಾ ಅಂತ ಕೇಳಿದರು. ಇಲ್ಲ, ಇವತ್ತು ನಾನು ಹೀಗೆ ಮಾಡಿದೆ, ಅದಕ್ಕೆ, ಅಂತ ಹೇಳಿದ್ದರೆ ಮುಗಿಯುತ್ತಿತ್ತು. ಅವರು ಇನ್ನೊಂದು ದಿನ ಕರೆಯುತ್ತಿದ್ದರೋ ಏನೋ. ನಾನು ಹೌದು ಅಂತ ತಲೆಯಾಡಿಸಿದೆ. ಇನ್ನೂ ತಯಾರಿಲ್ಲ, ಬರುವ ವರ್ಷ ಕರೆದುಕೊಂಡು ಬಾ ಅಂದರು. ಆ ಜಾಗ ಬೇರೆ ಮಗುವಿಗೆ ಹೋಯಿತು.

ಮನೆಗೆ ಬಂದೆವು. ಅಪ್ಪ ಮಷೀನು ಬಿಟ್ಟು ಮೆಟ್ಟಿಲ ಮೇಲೆಯೇ ನಿಂತಿದ್ದ. ಗದ್ದಲದಲ್ಲಿ ಕೈ ತಪ್ಪಿತು, ಯಾರೋ ಅಕ್ಕನನ್ನು ಗಾಡಿ ಹತ್ತಿಸಿಬಿಟ್ಟರು ಅಂತ ಹೇಳಿದೆ. ಅಕ್ಕ ಪಕ್ಕದಲ್ಲೇ ನಿಂತಿದ್ದಳು, ಇನ್ನೂ ನನ್ನ ಮಣಿಕಟ್ಟು ಹಿಡಿದುಕೊಂಡು. ಅವಳ ಮುಂದೆಯೇ ಅವಳ ಬಗ್ಗೆ ಸುಳ್ಳು ಹೇಳುತ್ತಿದ್ದೆ, ಅವಳಿಗೆ ಕೇಳಿಸುವಂತಿರಲಿಲ್ಲ. ಅಪ್ಪ ನನ್ನ ಮಾತು ಪೂರ್ತಿ ಕೇಳಿದ. ಆಮೇಲೆ ಕೂತು ಅಕ್ಕನ ಮುಷ್ಟಿಯ ಪಕ್ಕ ತನ್ನ ಅಂಗೈ ಬಿಡಿಸಿಟ್ಟು ಕಾದ. ತುಂಬ ಹೊತ್ತಾಯಿತು. ಒಳಗಿನಿಂದ ಅವ್ವ ನರಳುವುದು ಕೇಳುತ್ತಿತ್ತು. ಕೊನೆಗೆ ಅಕ್ಕನ ಮುಷ್ಟಿ ಬಿಚ್ಚಿ ಅಪ್ಪನಿಗೆ ಒಂದೊಂದೇ ಹೇಳಿತು. ಕಂಬ, ಕಿವಿ, ಯಾರದೋ ಒರಟು ಕೈ, ರೈಲು. ಮತ್ತೆ ಕಿವಿ. ಆಮೇಲೆ ತನ್ನದೇ ಅಂಗೈಯನ್ನು ಅಪ್ಪನ ಮುಂದೆ ಚಾಚಿ, ಅದನ್ನು ತಟ್ಟಿ ತಟ್ಟಿ ತೋರಿಸಿದಳು. ಒರೆಸಿರಲಿಲ್ಲ, ಅದಕ್ಕೇ ಹೋದೆ. ತಮ್ಮ ಹಿಂದೆಯೇ ಇದ್ದಾನೆ ಅಂದುಕೊಂಡು ಹೋದೆ.

ಗೊತ್ತಾಯಿತಲ್ಲ? ಗುರುತಿಲ್ಲದ ಕೈ ಎಳೆದರೆ ಅಕ್ಕ ಯಾವತ್ತೂ ಹೆಜ್ಜೆ ಎತ್ತುತ್ತಿರಲಿಲ್ಲ, ಕಂಬ ಬಿಡುತ್ತಲೂ ಇರಲಿಲ್ಲ. ಅವಳು ನಂಬಿದ್ದು ಆ ಹಮಾಲನನ್ನಲ್ಲ, ನನ್ನನ್ನು.

ಅಪ್ಪ ಹೊಡೆಯುವ ಜಾತಿಯವನಲ್ಲ, ಆದರೂ ನಾನು ಕೆನ್ನೆ ಗಟ್ಟಿ ಮಾಡಿಕೊಂಡು ನಿಂತೆ. ಅಪ್ಪ ಅಕ್ಕನ ಅಂಗೈಯನ್ನು ತನ್ನ ಎರಡೂ ಕೈಯೊಳಗೆ ಇಟ್ಟುಕೊಂಡು, "ಈ ಅಂಗೈಯಾಗ ಇವತ್ತಿನ ಮಟಾ ಯಾರೂ ಸುಳ್ಳು ಹೇಳಿರಲಿಲ್ಲೋ" ಅಂದ. ನಾನು ಏನೂ ಹೇಳಿಲ್ಲ ಅಪ್ಪ, ಸುಮ್ಮನೆ ಹೋದೆ ಅಷ್ಟೇ ಅಂತ ತೊದಲಿದೆ. "ಅದೇ ಸುಳ್ಳು" ಅಂದ. ಆಮೇಲೆ ಅಕ್ಕನ ಅಂಗೈ ಒರೆಸಿ ಕೆಳಗೆ ಕೆಲಸಕ್ಕೆ ಹೋದ. ಬಾಂದ್ರಾದಲ್ಲಿ ಹೌದೆಂದು ತಲೆಯಾಡಿಸಿದ್ದನ್ನು ನಾನು ಅಪ್ಪನಿಗೆ ಹೇಳಲೇ ಇಲ್ಲ. ಈಗ ನಿಮಗೇ ಮೊದಲು ಹೇಳುತ್ತಿರುವುದು.

ಅಕ್ಕ ಹನ್ನೊಂದು ದಿನ ನನಗೆ ಬಲಗೈ ಕೊಡಲಿಲ್ಲ. ಹನ್ನೆರಡನೆಯ ದಿನ ಕೊಟ್ಟಳು, ಆದರೆ ಕೊಡುವ ಮೊದಲು ಎಡಗೈಯಿಂದ ಮಣಿಕಟ್ಟು ಹಿಡಿದುಕೊಂಡಳು. ಮರುವರ್ಷ ಅಪ್ಪನೇ ಕೆಲಸ ಬಿಟ್ಟು ಕರೆದುಕೊಂಡು ಹೋದ, ಟೀಚರ್ ಬಾಯಿ ಸೇರಿಸಿಕೊಂಡರು. ಅವಳು ಕಲಿತಳು, ನನಗಿಂತ ಚೆನ್ನಾಗಿ ಕಲಿತಳು. ಆದರೆ ಆ ಒಂದು ವರ್ಷ ಕತ್ತಲಲ್ಲಿ ಬಕಲ್ಲು ಆರಿಸುತ್ತಾ ಕೂತದ್ದು ನನ್ನ ಎರಡು ನಿಮಿಷಕ್ಕಾಗಿ. ಅಂದಿನಿಂದ ಇಂದಿನವರೆಗೆ ನಾನು ಒಂದು ದಿನವೂ ಒರೆಸದೆ ಎದ್ದಿಲ್ಲ. ಅವಳೂ ಒಂದು ದಿನವೂ ನನ್ನ ಮಣಿಕಟ್ಟು ಹಿಡಿಯದೆ ಮಾತಾಡಿಲ್ಲ.

ಈಗ ನಿಮ್ಮ ಕಾಲ ನೋಡಿ. ಮೀರಾ ರೋಡಿನ ಈ ಬಿಲ್ಡಿಂಗಿನಲ್ಲಿ ನಳಕ್ಕೆ ಕೈಯಿಟ್ಟು ಯಾರೂ ಕಾಯಬೇಕಿಲ್ಲ. ದೊಡ್ಡಜ್ಜಿಯ ಮಡಿಲಲ್ಲಿ ಆ ಚುಕ್ಕಿಯ ಮಷೀನಿದೆ. ನೀವು ಶಾಲೆಯ ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಏನೋ ಹೊಡೆದರೆ ಅದು ಅವಳ ಬೆರಳಡಿ ಚುಕ್ಕಿಯಾಗಿ ಏಳುತ್ತದೆ. ಕ್ರಿಕೆಟ್ ಸ್ಕೋರನ್ನು ಅವಳೇ ನನಗಿಂತ ಮೊದಲು ಓದಿ, ನನ್ನ ಅಂಗೈಯಲ್ಲಿ ಹೇಳಿ ಛೇಡಿಸುತ್ತಾಳೆ. ಅರ್ಧ ಕನ್ನಡ, ಅರ್ಧ ಹಿಂದಿ ಮಾತಾಡುವ ನೀವು ನನ್ನ ಜೊತೆಗಿಂತ ಅವಳ ಜೊತೆಯೇ ಹೆಚ್ಚು ಹರಟುತ್ತೀರಿ. ನನಗೆ ಹೊಟ್ಟೆಕಿಚ್ಚೂ ಆಗುತ್ತದೆ, ಸಂತೋಷವೂ ಆಗುತ್ತದೆ.

ಆದರೆ ಪುಟ್ಟಿ, ನಿನ್ನೆ ಸಂಜೆ ನೀನು ದೊಡ್ಡಜ್ಜಿಯ ಪಕ್ಕ ಕೂತು ಅವಳಿಗೆ ಏನೋ ಬರೆಯುತ್ತಿದ್ದೆ. ಕೆಳಗೆ ಗೆಳತಿ ಕರೆದಳು ಅಂತ ಮಾತಿನ ನಡುವೆಯೇ ಎದ್ದು ಓಡಿದೆ. ಎರಡು ನಿಮಿಷ ಅಂದುಕೊಂಡಿದ್ದೆ, ನನಗೆ ಗೊತ್ತು. ಆ ಮಷೀನು ಎಲ್ಲ ಹೇಳುತ್ತದೆ, ಪಕ್ಕದಲ್ಲಿದ್ದವಳು ಎದ್ದು ಹೋದಳು ಅಂತ ಮಾತ್ರ ಹೇಳುವುದಿಲ್ಲ. ದೊಡ್ಡಜ್ಜಿ ಚಹಾ ಬರುವತನಕ ಬೆರಳನ್ನು ಚುಕ್ಕಿಯ ಮೇಲಿಟ್ಟುಕೊಂಡೇ ಕೂತಿದ್ದಳು. ಒಮ್ಮೆ ನಿನ್ನ ಕಡೆ ಕೈಚಾಚಿದಳು. ಅಲ್ಲಿ ಸೋಫಾ ಇತ್ತು.

ಇವತ್ತು ಬೆಳಿಗ್ಗೆ ನೀನು ಮತ್ತೆ ಹೋಗಿ ಕೂತೆ. ಅವಳು ಬಲಗೈ ಕೊಡುವ ಮೊದಲು ಎಡಗೈಯಿಂದ ನಿನ್ನ ಮಣಿಕಟ್ಟು ಹುಡುಕಿ ಹಿಡಿದುಕೊಂಡಳು. ಪ್ರೀತಿ ಅಂದುಕೊಂಡು ನೀನು ನಕ್ಕೆ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ನನ್ನದು ಐವತ್ತು ವರ್ಷ ದಾಟಿತು, ನನ್ನ ಮಣಿಕಟ್ಟನ್ನು ಅವಳು ಇನ್ನು ಬಿಡುವುದಿಲ್ಲ. ನಿನ್ನದು ಇನ್ನೂ ಒಂದೇ ದಿನ. ಈಗ ಅವಳು ಎದ್ದಿದ್ದಾಳೆ. ಹೋಗಿ ಕೂತುಕೋ, ಎಲ್ಲಿ ಹೋಗಿದ್ದೆ ಅಂತ ನಿಜ ಹೇಳು, ನಾನು ಅವತ್ತು ಅವಳಿಗೆ ಹೇಳದೆ ಬಿಟ್ಟೆ, ನೀನು ಬಿಡಬೇಡ. ಬರುವಾಗ ಅಂಗೈ ಒರೆಸಿ ಬಾ.